ಓದುಗರ ಸ್ಪಂದನ: ಅಪ್ಪಯ್ಯ ಯಾಕೆ ಆ ಪಕ್ಷ ಬಿಡುವುದಿಲ್ಲ?

ಕಳೆದ ಸಲ ಹೊಸನಗರ ತಾಲ್ಲೂಕಿನ ಓದುಗಿಯೊಬ್ಬರು ಮನೆಯ ಸಂಕಟ ಹೇಳಿಕೊಂಡಿದ್ದರು. ಅವರ ಅಪ್ಪಯ್ಯ ಮೂವತ್ತು ವರ್ಷದಿಂದ ಒಂದೇ ಪಕ್ಷದ ಕಾರ್ಯಕರ್ತ. ಎದುರು ಪಕ್ಷದ ಹಗರಣ ಹೊರಬಿದ್ದಾಗಲೆಲ್ಲ ಜಗಲಿಯಲ್ಲಿ ಕೂತು ‘ಇವರಿಗೆ ನಾಚಿಕೆ ಇಲ್ವಾ’ ಎಂದು ಬೈಯುತ್ತಿದ್ದವರು. ಈಗ ತಮ್ಮ ಪಕ್ಷದ ನಾಯಕರ ಹೆಸರೇ ದುಡ್ಡಿನ ಹಗರಣದಲ್ಲಿ ಬಂದರೆ ‘ಎಲ್ಲ ಪಿತೂರಿ, ಮಾಡದವರು ಯಾರಿದ್ದಾರೆ’ ಎನ್ನುತ್ತಾರೆ. ‘ಅಡಿಕೆ ವ್ಯಾಪಾರಿ ತಪ್ಪಿ ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಬಸ್ಸು ಹತ್ತಿ ಹೋಗಿ ವಾಪಸ್ ಕೊಟ್ಟು ಬರುವ ಮನುಷ್ಯ ಇದನ್ನು ಹೇಗೆ ಒಪ್ಪುತ್ತಾರೆ? ಜಗಳವಾಗಿ ಇಪ್ಪತ್ತು ದಿನ ಆಯಿತು, ನಮ್ಮಿಬ್ಬರಿಗೆ ಮಾತಿಲ್ಲ. ನಾನೇನು ಮಾಡಲಿ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಟ್ರಂಕಿನಲ್ಲಿದ್ದ ಕಾಗದ

ಮಗಳೇ, ನಿನ್ನ ಪತ್ರ ಓದಿ ನಮ್ಮಪ್ಪ ನೆನಪಾದರು. ಹೆಚ್ಚುಕಡಿಮೆ ಇದೇ ಜಗಳ ನಾನು ಅವರ ಹತ್ತಿರ 1978ರಲ್ಲಿ ಆಡಿದ್ದೆ.

ನಮ್ಮಪ್ಪ ಗೇಣಿದಾರ. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಅಳೆದು ಕೊಟ್ಟು ಉಳಿದದ್ದರಲ್ಲಿ ನಾವು ಆರು ಜನ ಉಣ್ಣಬೇಕಿತ್ತು. ಆ ಅಳತೆಯ ಕೊಳಗದ ಅನ್ಯಾಯಕ್ಕೇ 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು. ಸಮಾಜವಾದಿ ನಾಯಕ ಲೋಹಿಯಾ ಅವರು ಬಂದು ಬಂಧನಕ್ಕೂ ಒಳಗಾದರು. ಆದರೆ ನಮ್ಮ ಮನೆಗೆ ನೆಲ ಬಂದದ್ದು ಅದಾಗಿ ಎರಡು ದಶಕ ಕಳೆದ ಮೇಲೆ. ಇಂದಿರಾ ಗಾಂಧಿಯವರ ಪಕ್ಷದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಯಾಯಿತು. ಅಪ್ಪ ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತರು. ಒಂದೂವರೆ ಎಕರೆ ಗದ್ದೆ ಅವರ ಹೆಸರಿಗೆ ಆಯಿತು.

ಆಮೇಲೆ ತುರ್ತು ಪರಿಸ್ಥಿತಿ ಬಂತು. 1977ರ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿ ಕೂರಿಸಿತು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ಅವರ ಪಕ್ಷಕ್ಕೇ ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಅವರು ನಮ್ಮ ಚಿಕ್ಕಮಗಳೂರಿನಲ್ಲೇ ಉಪಚುನಾವಣೆಗೆ ನಿಂತರು. ಅಷ್ಟು ಹೊತ್ತಿಗೆ ತುರ್ತು ಪರಿಸ್ಥಿತಿಯ ಅತಿರೇಕಗಳ ಬಗ್ಗೆ ಶಾ ಆಯೋಗದ ವರದಿ ಬಂದಿತ್ತು. ನಾನು ಕಾಲೇಜು ಓದುತ್ತಿದ್ದೆ. ಆಗ ವೋಟಿಗೆ 21 ತುಂಬಬೇಕಿತ್ತು, ನನಗೆ ವೋಟಿರಲಿಲ್ಲ. ಅಪ್ಪನ ಎದುರು ನಿಂತು ಕೂಗಾಡಿದೆ. ವಿಚಾರಣೆ ಇಲ್ಲದೆ ಜನರನ್ನು ಜೈಲಿಗೆ ಹಾಕಿದ್ದು, ಪತ್ರಿಕೆಗಳ ಬಾಯಿ ಕಟ್ಟಿದ್ದು ಎಲ್ಲ ಹೇಳಿದೆ. ‘ಇಂಥವರಿಗೆ ವೋಟು ಹಾಕ್ತೀರಾ?’ ಎಂದೆ.

ಅಪ್ಪ ಮಾತಾಡಲಿಲ್ಲ. ಅಟ್ಟ ಹತ್ತಿ ತಗಡಿನ ಟ್ರಂಕು ಇಳಿಸಿದರು. ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕಾಗದ ತೆಗೆದು ನನ್ನ ಮುಂದೆ ಇಟ್ಟರು. ನ್ಯಾಯಮಂಡಳಿಯ ಆದೇಶ. ಮಡಚಿದ ಕಡೆ ಹರಿಯದಿರಲಿ ಅಂತ ಹಿಂದೆ ಅನ್ನದ ಗಂಜಿಯಲ್ಲಿ ಕಾಗದದ ಪಟ್ಟಿ ಅಂಟಿಸಿದ್ದರು. ‘ನೀನು ಓದಿದವನಲ್ವಾ, ಇದನ್ನೂ ಓದು’ ಎಂದು ಕೊಟ್ಟಿಗೆಗೆ ಹೋದರು.

ನಮ್ಮಪ್ಪನ ಮಟ್ಟಿಗೆ ಆ ವೋಟು ಋಣ. ಎಷ್ಟು ಸಲ ಹಾಕಿದರೆ ಆ ಋಣ ತೀರುತ್ತದೆ ಎಂದು ಅವರು ಯಾವತ್ತೂ ಲೆಕ್ಕ ಹಾಕಲಿಲ್ಲ. ಅದು ತಪ್ಪು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಕೊಟ್ಟವರು ಏನು ಮಾಡಿದರೂ ಸರಿ ಅನ್ನುವಷ್ಟು ದೊಡ್ಡ ಋಣ ಯಾವುದೂ ಇಲ್ಲ. ಆದರೆ ಆವತ್ತು ನಾನು ಅವರನ್ನು ‘ನಿಮಗೆ ಏನೂ ಗೊತ್ತಾಗಲ್ಲ’ ಅಂದಿದ್ದೆ. ಆ ಮಾತಿಗೆ ಇವತ್ತಿಗೂ ಬೇಸರ ಇದೆ. ಕ್ಷಮೆ ಕೇಳಲು ಅವರು ಇಲ್ಲ.

ನಿನ್ನ ಅಪ್ಪಯ್ಯನ ಟ್ರಂಕಿನಲ್ಲಿ ಏನಿದೆ ಎಂದು ಕೇಳಿದ್ದೀಯಾ? ಯಾವ ವರ್ಷ ಪಕ್ಷ ಸೇರಿದರು, ಯಾರು ಕರೆದರು, ಆಗ ಮನೆಯಲ್ಲಿ ಏನು ಕಷ್ಟ ಇತ್ತು? ಹಗರಣದ ಮಾತು ಆಮೇಲೆ ಇರಲಿ. ಮೊದಲು ಇದನ್ನು ಕೇಳು.

— ನಿವೃತ್ತ ಶಿಕ್ಷಕ, ಕೊಪ್ಪ

ನಿಮ್ಮನ್ನೂ ಒಂದು ಮಾತು ಕೇಳಬೇಕು

ತಂಗೀ, ನಾನು ಸೊರಬದವಳು. ನಮ್ಮ ಕಡೆ ತುಂಬಾ ಜನ ಪಕ್ಷಕ್ಕೆ ಅಂಟಿಕೊಂಡವರಲ್ಲ, ಮನುಷ್ಯನಿಗೆ ಅಂಟಿಕೊಂಡವರು. ಬಂಗಾರಪ್ಪನವರು ಶಿವಮೊಗ್ಗದಿಂದ ಲೋಕಸಭೆಗೆ 1996ರಲ್ಲಿ ತಮ್ಮದೇ ಪಕ್ಷದಿಂದ ಗೆದ್ದರು. 1999ರಲ್ಲಿ ಕಾಂಗ್ರೆಸ್. 2004ರಲ್ಲಿ ಬಿಜೆಪಿ. 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ನಮ್ಮ ಮಾವ ನಾಲ್ಕೂ ಚಿಹ್ನೆಗೆ ವೋಟು ಹಾಕಿದವರು. ಪ್ರತಿ ಸಲ ಹಿಂದಿನ ಪಕ್ಷವನ್ನು ಬೈಯಲು ಅವರಿಗೆ ಕಾರಣ ಸಿಗುತ್ತಿತ್ತು. ಮನಸ್ಸಿನಲ್ಲಿ ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನಂಬುತ್ತಿದ್ದರು.

ಇದರ ಉಲ್ಟಾ ಕೂಡ ನಮ್ಮ ಜಿಲ್ಲೆಯಲ್ಲೇ ನೋಡಿದ್ದೇವೆ. ಶಿವಮೊಗ್ಗ ನಗರ ಹಲವು ಸಲ ಗೆಲ್ಲಿಸಿದ ಬಿಜೆಪಿಯ ಈಶ್ವರಪ್ಪನವರು 2024ರಲ್ಲಿ ಟಿಕೆಟ್ ವಿಷಯಕ್ಕೆ ಮುನಿದು ಪಕ್ಷೇತರರಾಗಿ ಲೋಕಸಭೆಗೆ ನಿಂತರು, ಮೂರನೇ ಸ್ಥಾನಕ್ಕೆ ಹೋದರು. ಅಲ್ಲಿ ಜನ ಚಿಹ್ನೆಯನ್ನು ಬಿಡಲಿಲ್ಲ. ಮನುಷ್ಯನಿಗೋ ಚಿಹ್ನೆಗೋ, ಒಟ್ಟಿನಲ್ಲಿ ‘ನಮ್ಮವರು’ ಅಂತ ಒಮ್ಮೆ ಮನಸ್ಸಿಗೆ ಕೂತರೆ ಆಮೇಲೆ ತಪ್ಪು ಕಾಣುವುದು ಕಷ್ಟ.

ಅದಕ್ಕೇ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಇಷ್ಟವಾದ ಪಕ್ಷದವರ ಹಗರಣ ಬಂದಾಗ ಇಷ್ಟೇ ಸಿಟ್ಟು ಬಂದಿತ್ತಾ? ನನ್ನ ತವರು ಒಂದು ಪಕ್ಷ, ಗಂಡನ ಮನೆ ಇನ್ನೊಂದು. ಈ ಮನೆಗೆ ಬಂದು ಐದಾರು ವರ್ಷ ನಾನು ಗಂಡನ ಪಕ್ಷದ ಕಳ್ಳತನವನ್ನಷ್ಟೇ ನೋಡುತ್ತಿದ್ದೆ. ಒಂದು ದಿನ ನನ್ನ ಅಣ್ಣ ಫೋನಿನಲ್ಲಿ ತನ್ನ ಪಕ್ಷದ ನಾಯಕರನ್ನು ಸಮರ್ಥಿಸಿಕೊಂಡ. ಅದೇ ಮಾತು, ಅದೇ ‘ಪಿತೂರಿ’. ಹಿಂದಿನ ವಾರ ನನ್ನ ಗಂಡ ಹೇಳಿದ್ದಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸ ಇರಲಿಲ್ಲ. ಅಣ್ಣ ಹೇಳಿದಾಗ ನಾನು ಹೂಂ ಅಂದಿದ್ದೆ. ಫೋನ್ ಇಟ್ಟ ಮೇಲೆ ಅದು ಹೊಳೆದು ತುಂಬಾ ಹೊತ್ತು ಸುಮ್ನೆ ಕೂತುಬಿಟ್ಟೆ.

ಈಗ ಏನಾದರೂ ಸುದ್ದಿ ಬಂದರೆ ಮನಸ್ಸಿನಲ್ಲೇ ಪಕ್ಷದ ಹೆಸರು ಬದಲಿಸಿ ಓದುತ್ತೇನೆ. ಆಗಲೂ ಅಷ್ಟೇ ಸಿಟ್ಟು ಬಂದರೆ ಮಾತ್ರ ಬಾಯಿ ಬಿಡುತ್ತೇನೆ. ಮನೆಯಲ್ಲಿ ಜಗಳ ಅರ್ಧ ಕಡಿಮೆಯಾಗಿದೆ.

— ಗೃಹಿಣಿ, ಸೊರಬ

ಪಟ್ಟಿಯಲ್ಲಿ ಪೆನ್ಸಿಲ್ ಚುಕ್ಕೆ

ನಾನು ಹತ್ತೊಂಬತ್ತು ವರ್ಷ ಬೂತ್ ಕೆಲಸ ಮಾಡಿದವನು. ಯಾವ ಪಕ್ಷ ಎಂದು ಬರೆಯುವುದಿಲ್ಲ. ಬರೆದರೆ ಅರ್ಧ ಜನ ಮುಂದೆ ಓದುವುದಿಲ್ಲ.

ಅಮ್ಮಾ, ನಿಮ್ಮ ತಂದೆಯವರ ಮನಸ್ಸು ನನಗೆ ಗೊತ್ತು. ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಗಿ ರಾತ್ರಿ ಒಂದು ಗಂಟೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಅಂದರು. ಕೈಯಲ್ಲಿ ಕಾಸಿಲ್ಲ, ಗಾಡಿ ಇಲ್ಲ. ಊರಿನ ನಾಯಕರಿಗೆ ಫೋನ್ ಮಾಡಿದೆ. ಹತ್ತು ನಿಮಿಷಕ್ಕೆ ಅವರ ಜೀಪು ಬಂತು. ಡ್ರೈವರ್ ಕೈಯಲ್ಲಿ ದುಡ್ಡೂ ಕಳಿಸಿದ್ದರು. ಆಗುಂಬೆ ಘಾಟಿಯಲ್ಲಿ ಮಂಜು, ಮುಂದಿನ ತಿರುವು ಕಾಣುತ್ತಿರಲಿಲ್ಲ. ಡ್ರೈವರ್ ತಲೆ ಹೊರಗೆ ಹಾಕಿ ಬಿಳಿ ಗೆರೆ ನೋಡಿಕೊಂಡು ಇಳಿಸಿದ. ತಾಯಿ ಮಗು ಇಬ್ಬರೂ ಉಳಿದರು. ಆ ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ.

ಹಾಗಿರುವಾಗ ಅದೇ ನಾಯಕರ ಹೆಸರು ನಿವೇಶನ ಹಂಚಿಕೆಯ ಗೋಲ್‌ಮಾಲಿನಲ್ಲಿ ಬಂದರೆ ನಾನು ಏನು ಹೇಳಲಿ? ‘ಪಿತೂರಿ’ ಎಂದೆ. ನಿಜ ಗೊತ್ತಿದ್ದೂ ಹೇಳಿದೆ. ಪಿತೂರಿ ಅಲ್ಲ ಅಂತ ಒಪ್ಪಿಕೊಂಡರೆ ನನ್ನ ಹತ್ತೊಂಬತ್ತು ವರ್ಷ ನೀರಿಗೆ ಹೋಯಿತು ಅನ್ನುವ ಭಯ. ಪಕ್ಷಕ್ಕೋಸ್ಕರ ಪಕ್ಕದ ಮನೆಯವರ ಹತ್ತಿರ ಮಾತು ಬಿಟ್ಟಿದ್ದೆ. ಷಡ್ಡಕನ ಗೃಹಪ್ರವೇಶಕ್ಕೆ ಹೋಗಿರಲಿಲ್ಲ. ಅದನ್ನೆಲ್ಲ ಯಾರು ವಾಪಸ್ ಕೊಡುತ್ತಾರೆ?

ಇನ್ನೊಂದು ವಿಷಯ ಇವತ್ತು ಬರೆದೇ ಬಿಡುತ್ತೇನೆ. ವೋಟಿನ ಹಿಂದಿನ ರಾತ್ರಿ ನಾನು ದುಡ್ಡಿನ ಕವರ್ ಹಂಚಿದ್ದೇನೆ. ಮತದಾರರ ಪಟ್ಟಿಯ ಹಾಳೆ ಹಿಡಿದು, ಗಟ್ಟಿ ವೋಟಿಗೆ ಒಂದು ಚುಕ್ಕೆ, ಅನುಮಾನ ಇದ್ದವರಿಗೆ ಎರಡು ಚುಕ್ಕೆ, ಪೆನ್ಸಿಲಿನಲ್ಲಿ. ಎರಡು ಚುಕ್ಕೆಯವರಿಗೆ ಕವರ್. ಒಂದು ಚುಕ್ಕೆಯವರಿಗೆ ಏನೂ ಇಲ್ಲ, ಅವರು ಹೇಗೂ ಹಾಕುತ್ತಾರೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಎಂದು ನನಗೆ ಗೊತ್ತಿತ್ತು. ಇದೇ ಮಲೆನಾಡಿನಲ್ಲಿ ಶಾಂತವೇರಿ ಗೋಪಾಲಗೌಡರು ‘ಒಂದು ವೋಟು, ಒಂದು ನೋಟು’ ಎಂದು ಕೇಳಿದಾಗ ಬಡವರೇ ಅಭ್ಯರ್ಥಿಗೆ ದುಡ್ಡು ಕೊಟ್ಟರು. 1952ರಲ್ಲಿ ಅವರನ್ನು ಗೆಲ್ಲಿಸಿದರು. ನಮ್ಮ ಅಜ್ಜ ಆ ಮಾತು ಹೇಳುವಾಗ ಅವರ ದನಿಯೇ ಬೇರೆ ಇರುತ್ತಿತ್ತು. ನನ್ನ ಮಗಳಿಗೆ ನಾನು ಏನು ಹೇಳಲಿ?

ಒಂದು ಚುಕ್ಕೆಯವರ ವಿಷಯ ಜಾಸ್ತಿ ಕಾಡುತ್ತದೆ. ಗಟ್ಟಿಯಾಗಿ ನಂಬಿದವರ ಮನೆಗೆ ನಾವು ಕಾಲೇ ಇಡುತ್ತಿರಲಿಲ್ಲ. ನಮ್ಮ ಭದ್ರಾವತಿ ನೋಡಿ. ಎಂಪಿಎಂ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಎಂದು 2023ರ ಜನವರಿಯಲ್ಲಿ ಹೇಳಿದರು. ಎಲ್ಲ ಪಕ್ಷದವರೂ ಗೇಟಿನ ಮುಂದೆ ಬಂದು ಮಾತು ಕೊಟ್ಟಿದ್ದಾರೆ. ಖಾಲಿ ಬಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಹೋಗುವಾಗ ನನಗೆ ಆ ಪೆನ್ಸಿಲ್ ಚುಕ್ಕೆ ನೆನಪಾಗುತ್ತದೆ.

ನಿಮ್ಮ ತಂದೆಯವರನ್ನು ಸೋಲಿಸಲು ಹೋಗಬೇಡಿ. ಅವರ ಜೀಪು ಯಾವುದು ಎಂದು ತಿಳಿದುಕೊಳ್ಳಿ. ನಾನು ಆ ನಾಯಕರಿಗೆ ಸಾಯುವವರೆಗೆ ಕೈ ಮುಗಿಯುತ್ತೇನೆ. ಆದರೆ ಬೂತಿನಲ್ಲಿ ಕೂರುವುದು ಬಿಟ್ಟೆ. ಜೀಪಿನ ಋಣ ನನ್ನದು, ನಿವೇಶನ ಊರಿನ ಬಡವರದ್ದು. ಇದು ತಲೆಗೆ ಹೋಗಲು ನನಗೆ ನಾಲ್ಕು ವರ್ಷ ಬೇಕಾಯಿತು.

— ಹಳೇ ಕಾರ್ಯಕರ್ತ, ಭದ್ರಾವತಿ

ಹೆಸರು ಮುಚ್ಚಿ ಓದಿ

ಎರಡೇ ಮಾತು. ಆರೋಪ ಬಂದ ತಕ್ಷಣ ಯಾರೂ ಅಪರಾಧಿ ಅಲ್ಲ, ಆ ಮಟ್ಟಿಗೆ ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. 2011ರ ಜುಲೈನಲ್ಲಿ ಲೋಕಾಯುಕ್ತರ ಗಣಿ ವರದಿ ಬಂದ ಮೇಲೆ ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಕಾಯಬೇಕು ಅನ್ನುವುದು ನ್ಯಾಯವೇ. ಆದರೆ ಎದುರು ಪಕ್ಷದವರ ಮೇಲೆ ಆರೋಪ ಬಂದಾಗಲೂ ಅಷ್ಟೇ ಕಾಯಬೇಕಲ್ವಾ? ಇದನ್ನು ಸಿಟ್ಟಿಲ್ಲದೆ ಕೇಳಿ.

ಚುನಾವಣೆಗೆ ನಿಲ್ಲುವವರು ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ತಮ್ಮ ಮೇಲಿನ ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿ ಇರುತ್ತದೆ. ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಹಕ್ಕು ಇದು. ಕೇಸು ಇದ್ದವರನ್ನೇ ಯಾಕೆ ಆರಿಸಿದಿರಿ ಎಂದು ಪಕ್ಷವೇ ಕಾರಣ ಪ್ರಕಟಿಸಬೇಕು ಎಂದು 2020ರಲ್ಲಿ ಕೋರ್ಟ್ ಹೇಳಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರಮಾಣಪತ್ರ ಸಿಗುತ್ತದೆ. ನಿಮ್ಮ ಕ್ಷೇತ್ರದ ಇಬ್ಬರು ಅಭ್ಯರ್ಥಿಗಳದ್ದು ಪ್ರಿಂಟ್ ತೆಗೆಯಿರಿ. ಹೆಸರು, ಪಕ್ಷದ ಮೇಲೆ ಕಾಗದ ಅಂಟಿಸಿ. ಅಪ್ಪಯ್ಯನ ಜೊತೆ ಕೂತು ಓದಿ. ನಾನು ನನ್ನ ದೊಡ್ಡಪ್ಪನ ಜೊತೆ ಮಾಡಿದ್ದೇನೆ. ಆಸ್ತಿಯ ಪುಟ ಬಂದಾಗ ಅವರು ಕನ್ನಡಕ ಒರೆಸಿಕೊಂಡು ಎರಡನೇ ಸಲ ಓದಿದರು.

— ವಕೀಲೆ, ಶಿವಮೊಗ್ಗ

ನಾನು ಸುಮ್ಮನಿರು ಅನ್ನುವುದಿಲ್ಲ

ಬೇರೆಯವರು ಸಮಾಧಾನ ಹೇಳಿರಬಹುದು. ನಾನು ಹೇಳುವುದಿಲ್ಲ ಅಕ್ಕ. ಕೇಳುವುದನ್ನು ಬಿಡಬೇಡಿ.

ನಮ್ಮದು ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ದೀಪ ಹತ್ತಿತು, ನಮ್ಮಜ್ಜನ ಮನೆ, ತೋಟ ನೀರಿನಡಿ ಹೋಯಿತು. ಕೊಟ್ಟ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅಜ್ಜ ಒಂದು ಪಕ್ಷಕ್ಕೆ ನಿಷ್ಠೆ, ಅಪ್ಪ ಇನ್ನೊಂದಕ್ಕೆ. ಇಬ್ಬರಿಗೂ ಪ್ರತಿ ಚುನಾವಣೆಯಲ್ಲಿ ‘ಈ ಸಲ ಖಂಡಿತ’ ಎಂಬ ಮಾತು ಸಿಕ್ಕಿತು. ಹಿನ್ನೀರಿನ ಆ ಕಡೆ ತುಮರಿ ಊರಿನವರು ದಾಟಲು ಲಾಂಚಿಗೆ ಕಾದೂ ಕಾದೂ ಸುಸ್ತಾಗಿ, 2025ರ ಜುಲೈನಲ್ಲಿ ಸೇತುವೆ ಆಯಿತು. ಉದ್ಘಾಟನೆ ದಿನವೂ ಯಾರನ್ನು ಸರಿಯಾಗಿ ಕರೆದರು, ಯಾರನ್ನು ಕರೆಯಲಿಲ್ಲ ಎಂಬುದೇ ದೊಡ್ಡ ಸುದ್ದಿ. ಲಾಂಚು ತಪ್ಪಿ ದಡದಲ್ಲೇ ರಾತ್ರಿ ಕಳೆದವರ ಹೆಸರು ಯಾರೂ ಎತ್ತಲಿಲ್ಲ.

ನಮ್ಮಪ್ಪನ ಪಕ್ಷದ ನಾಯಕರೊಬ್ಬರ ಮೇಲೂ ಆರೋಪ ಬಂತು. ನಾನು ಅವರಿಗೆ ಪಕ್ಷ ಬಿಡಿ ಎನ್ನಲಿಲ್ಲ. ‘ನೀವು ಮೂವತ್ತು ವರ್ಷ ದುಡಿದವರು. ನಾನು ಕೇಳಿದರೆ ಎದುರು ಪಕ್ಷದವಳು ಅಂತಾರೆ. ನಿಮ್ಮನ್ನು ಹಾಗೆ ಅನ್ನೋಕೆ ಆಗಲ್ಲ. ನೀವೇ ಕೇಳಿ’ ಎಂದೆ. ತಿಂಗಳುಗಟ್ಟಲೆ ಹೇಳಿದೆ. ಒಂದು ದಿನ ತಟ್ಟೆ ಸರಿಸಿ ಎದ್ದೂ ಹೋದರು.

ಆಮೇಲೆ ಹೋಬಳಿ ಮಟ್ಟದ ಸಭೆ ಇತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದರು. ಭಾಷಣ ಮುಗಿದ ಮೇಲೆ ಎದ್ದು ನಿಂತು, ‘ಆ ದುಡ್ಡಿನ ವಿಷಯ ನಿಜವಾ ಸುಳ್ಳಾ ಹೇಳಿ, ನಾವು ಮನೆಮನೆಗೆ ಹೋಗಿ ಏನು ಹೇಳಬೇಕು? ಹಕ್ಕುಪತ್ರ ಏನಾಯಿತು?’ ಎಂದು ಕೇಳಿದರು. ವೇದಿಕೆಯಿಂದ ‘ಕೂತ್ಕೊಳ್ಳಿ, ಆಮೇಲೆ ಮಾತಾಡೋಣ’ ಎಂದರು. ಅಪ್ಪ ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಎದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಪಕ್ಕದ ಮನೆಯ ಮಾವ. ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, ಎರಡು ಕಡುಬು ತಿಂದು ಮಲಗಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ಮುಂದಿನ ಸಭೆ ಯಾವಾಗ ನೋಡು’ ಎಂದರು.

ಹಕ್ಕುಪತ್ರ ಇನ್ನೂ ಬಂದಿಲ್ಲ. ಅಪ್ಪ ಈಗಲೂ ಅದೇ ಪಕ್ಷಕ್ಕೆ ವೋಟು ಹಾಕುತ್ತಾರೆ. ಆದರೆ ನಾಯಕರು ಊರಿಗೆ ಬಂದರೆ ಕಾರಿನಿಂದ ಇಳಿಯುವ ಮೊದಲು ಅಪ್ಪ ಎಲ್ಲಿ ನಿಂತಿದ್ದಾರೆ ಎಂದು ನೋಡುತ್ತಾರೆ.

— ವಿದ್ಯಾರ್ಥಿನಿ, ಸಾಗರ ತಾಲ್ಲೂಕು