ಅಪ್‌ಡೇಟ್: ಚಾರ್ಜರ್ ಸರಿ ಇತ್ತು, ಕಳ್ಳ ಕೇಬಲ್

ಹಿಂದೆ ಕೇಳಿದ್ದು ಇಷ್ಟು: 5000 ಎಂಎಎಚ್ ಫೋನು ಹಳೇ 5 ವೋಲ್ಟ್, 2 ಆಂಪ್ ಚಾರ್ಜರ್‌ನಲ್ಲಿ ತುಂಬೋಕೆ ಏಳು ಗಂಟೆ ಯಾಕೆ? ನೀವು ಹೇಳಿದ ಹಾಗೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಸಿ-ಟೈಪ್ ಮೀಟರ್ (ವೋಲ್ಟ್, ಆಂಪ್ ತೋರಿಸೋ ಪುಟ್ಟ ಸಾಧನ) ತಗೊಂಡು, ಫೋನಿನ ತುದಿಯಲ್ಲಿ ಹಾಕಿ ಅಳೆದೆ. ಬ್ಯಾಟರಿ 30%, ಸ್ಕ್ರೀನ್ ಆಫ್. (80% ದಾಟಿದ ಮೇಲೆ ಅಳೆದು ಪ್ರಯೋಜನವಿಲ್ಲ, ಫೋನೇ ಕರೆಂಟ್ ಇಳಿಸುತ್ತೆ.)

2 ಮೀಟರ್ ಉದ್ದದ ಹಳೇ ಕೇಬಲ್: 4.4 ವೋಲ್ಟ್, 0.7 ಆಂಪ್. ಅಂದ್ರೆ 3 ವ್ಯಾಟ್ ಚಿಲ್ಲರೆ. ಕೇಬಲ್ ಮೇಲೆ 28 ಎಡಬ್ಲ್ಯುಜಿ ಅಂತ ಅಚ್ಚಾಗಿದೆ (ತಂತಿಯ ದಪ್ಪದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ). ಆ ದಪ್ಪದ ತಂತಿಗೆ ಮೀಟರಿಗೆ ಸುಮಾರು 0.21 ಓಮ್, ಹೋಗಿ ಬರೋ ದಾರಿ 4 ಮೀಟರ್, ಅಲ್ಲಿಗೆ 0.85 ಓಮ್. ದಾರಿಯಲ್ಲೇ 0.6 ವೋಲ್ಟ್ ಖೋತಾ. ವೋಲ್ಟೇಜ್ ಇನ್ನೂ ಕುಸಿಯದಿರಲಿ ಅಂತ ಫೋನು ತಾನೇ ಕರೆಂಟ್ ಎಳೆಯೋದು ಕಮ್ಮಿ ಮಾಡುತ್ತೆ.

ಅದೇ ಚಾರ್ಜರ್‌ಗೆ 1 ಮೀಟರಿನ 24 ಎಡಬ್ಲ್ಯುಜಿ ಕೇಬಲ್: 4.7 ವೋಲ್ಟ್, 1.8 ಆಂಪ್. ಮೂರು ಗಂಟೆ ಚಿಲ್ಲರೆಯಲ್ಲಿ ಫುಲ್.

ಇನ್ನೊಂದು ಕೇಬಲ್ ದಪ್ಪಗಿದ್ದರೂ 0.5 ಆಂಪ್ ದಾಟಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಫೈಲೇ ಕಾಣಲ್ಲ: ಒಳಗೆ ಡೇಟಾ ತಂತಿ ಇಲ್ಲ. ಚಾರ್ಜರ್ ಎಂಥದ್ದು ಅಂತ ಫೋನು ಗುರುತಿಸೋದೇ ಆ ತಂತಿಗಳಿಂದ.

ಫೋನ್ ಸ್ವಿಚ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ಪೋರ್ಟ್ ಕೆದಕಿದಾಗ ಜೇಬಿನ ನೂಲು ಉಂಡೆಯಾಗಿ ಬಂತು. ಪ್ಲಗ್ ಈಗ ಟಕ್ ಅಂತ ಕೂರುತ್ತೆ. ಪಿನ್ನು, ಸೂಜಿ ಬೇಡ.

ಈ ಚಾರ್ಜರ್ 10 ವ್ಯಾಟ್‌ಗಿಂತ ಮೇಲೆ ಹೋಗಲ್ಲ. 25 ವ್ಯಾಟ್ ಬೇಕಾದವರು ಪಿಡಿ (ಪವರ್ ಡೆಲಿವರಿ ಅನ್ನೋ ಫಾಸ್ಟ್ ಚಾರ್ಜಿಂಗ್ ವಿಧಾನದ) ಚಾರ್ಜರ್ ಜೊತೆ ಎರಡೂ ತುದಿ ಸಿ-ಟೈಪ್ ಇರೋ ಸಿ-ಟು-ಸಿ ಕೇಬಲ್ಲೇ ತಗೋಬೇಕು.