ಸ್ಕೈರಿಮ್‌ ವಿಡಿಯೋ ಗೇಮ್ ಆಡುವಾಗ ನಿಮಗೆ ನೀವೇ ಹಾಕಿಕೊಂಡ ನಿಯಮಗಳು ಏನೇನು?

ಗುಡ್ಡದಹಾದಿ:
ಸ್ಕೈರಿಮ್ ಮತ್ತೆ ಹೊಸದಾಗಿ ಶುರು ಮಾಡಿದ್ದೇನೆ, ಈ ಸಲ ಖಜೀಟ್ (ಬೆಕ್ಕಿನಂಥ ಜನಾಂಗ) ಪಾತ್ರ. ಮ್ಯಾಪ್ ತೆಗೆದು ಫಾಸ್ಟ್ ಟ್ರಾವೆಲ್ (ನಡೆಯದೆ ನೇರ ಬೇರೆ ಜಾಗಕ್ಕೆ ಜಿಗಿಯೋದು) ಒತ್ತೋದು, ಗುರುತು ಹಿಡಿದು ಓಡೋದು, ಕೆಲಸ ಮುಗಿಸಿ ವಾಪಸ್ ಬರೋದು, ಇಷ್ಟೇ ಆಗುತ್ತಿದೆ. ಆ ಲೋಕದೊಳಗೆ ಇದ್ದೇನೆ ಅಂತ ಅನಿಸಬೇಕು. ನೀವೆಲ್ಲ ಏನು ಮಾಡುತ್ತೀರಿ?

ಇರುಳುಗಣ್ಣ:
ಸ್ಪೆಷಲ್ ಎಡಿಷನ್ ಇದ್ದರೆ ಸರ್ವೈವಲ್ ಮೋಡ್ ಹಾಕಿ. ಫಾಸ್ಟ್ ಟ್ರಾವೆಲ್ ತಾನಾಗೇ ಬಂದ್ ಆಗುತ್ತೆ, ಹಸಿವು, ಚಳಿ, ಸುಸ್ತು ಎಲ್ಲಾ ಕಾಡುತ್ತೆ, ಮಲಗದೆ ಲೆವೆಲ್ ಕೂಡ ಏರಲ್ಲ. ಜೊತೆಗೆ ದಿಕ್ಸೂಚಿ ತೆಗೆದುಬಿಡಿ. ಪಿಸಿಯಲ್ಲಾದರೆ ಸೆಟ್ಟಿಂಗ್ಸ್ ಫೈಲಿನಲ್ಲಿ ಕಂಪಾಸ್ ತೋರಿಸುವ ಸಾಲಿನ 1 ಅನ್ನು 0 ಮಾಡಿದರೆ ಸಾಕು. ಆಮೇಲೆ ಕವಲುದಾರಿಯ ಕೈಮರಗಳನ್ನು ಓದಲೇಬೇಕಾಗುತ್ತೆ.

ಮಲ್ನಾಡ್ ಗೇಮರ್:
ಸರ್ವೈವಲ್ ಮೋಡ್ ಒಳ್ಳೆಯದೇ, ಆದರೆ ಬರೀ ಕಷ್ಟ ಜಾಸ್ತಿ ಮಾಡಿಕೊಂಡರೆ ಪಾತ್ರ ಹುಟ್ಟಲ್ಲ. ನಿಯಮ ಪಾತ್ರದೊಳಗಿಂದ ಬರಬೇಕು. ನಿಮ್ಮದು ಖಜೀಟ್ ಅಲ್ವಾ, ಆ ನಾಡಿನ ಜನರಾದ ನಾರ್ಡ್‌ಗಳು ಅವರನ್ನು ನಂಬಲ್ಲ, ಅದಕ್ಕೇ ಖಜೀಟ್ ವ್ಯಾಪಾರಿಗಳು ಊರಿನ ಗೋಡೆಯಾಚೆ ಡೇರೆ ಹಾಕುತ್ತಾರೆ. ನಾನು ಅದನ್ನೇ ಹಿಡಿದುಕೊಂಡೆ. ನನ್ನ ಪಾತ್ರ ಖಜೀಟ್ ವ್ಯಾಪಾರಿ ರಿ'ಸಾದ್‌ನ ತಂಡದವಳು. ವೈಟ್‌ರನ್, ಮಾರ್ಕಾರ್ಥ್ ಊರುಗಳ ನಡುವೆಯೇ ಅವಳ ಓಡಾಟ. ಗೋಡೆ ಇರುವ ಊರಲ್ಲಿ ರಾತ್ರಿ ಉಳಿಯಲ್ಲ, ಮಾಲು ಮಾರೋದು ಅವನಿಗೆ ಮಾತ್ರ, ಕತ್ತಲಲ್ಲಿ ಪಂಜು ಹಿಡಿಯಲ್ಲ, ಯಾಕಂದ್ರೆ ಖಜೀಟ್‌ಗಳಿಗೆ ಇರುಳಲ್ಲೂ ಕಾಣುವ ಶಕ್ತಿ ಇದೆ. ಒಂದು ಸಲ ಚೀಲ ತುಂಬಾ ಮಾಲು ಹೊತ್ತು ವೈಟ್‌ರನ್‌ಗೆ ಬಂದರೆ ತಂಡ ಅಲ್ಲಿರಲೇ ಇಲ್ಲ. ಬೇರೆಯವರಿಗೆ ಮಾರೋ ಹಾಗಿಲ್ಲ. ರೋರಿಕ್‌ಸ್ಟೆಡ್ ಕಡೆಯಿಂದ ಮಾರ್ಕಾರ್ಥ್‌ವರೆಗೂ ನಡೆದೆ, ದಾರಿಯುದ್ದಕ್ಕೂ ಯಾವುದನ್ನು ಬಿಸಾಕಲಿ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಲೆಕ್ಕ ಹಾಕುತ್ತಾ. ಆಟ ಒಪ್ಪಿಸಿದ ಯಾವ ಕ್ವೆಸ್ಟೂ ಇರಲಿಲ್ಲ, ಆದರೂ ಅಷ್ಟು ಖುಷಿ ಕೊಟ್ಟ ಆಟ ಇನ್ನೊಂದಿಲ್ಲ.

ಗುಡ್ಡದಹಾದಿ:
ಇದು ಸಖತ್ತಾಗಿದೆ! ಆದರೆ ಡ್ರ್ಯಾಗನ್‌ಗಳು? ಆಟದಲ್ಲಿ ಅವು ಮೇಲೆರಗುತ್ತವೆ, ಸಾಮಾನ್ಯ ವ್ಯಾಪಾರಿಯೊಬ್ಬಳು ಡ್ರ್ಯಾಗನ್ ಕೊಲ್ಲೋದು ಹೊಂದಲ್ಲ ಅಲ್ವಾ?

ಮಲ್ನಾಡ್ ಗೇಮರ್:
ವೈಟ್‌ರನ್‌ನ ಯಾರ್ಲ್ (ಒಡೆಯ) ಬಾಲ್‌ಗ್ರೂಫ್‌ನ ಕೆಲಸಕ್ಕೆ ಕೈ ಹಾಕಬೇಡಿ. ಕಾವಲು ಗೋಪುರದ ಹತ್ತಿರ ನಡೆಯುವ ಆ ಮೊದಲ ಡ್ರ್ಯಾಗನ್ ಕಾಳಗ ಆಗುವ ತನಕ ದಾರಿಯಲ್ಲಿ ಡ್ರ್ಯಾಗನ್‌ಗಳು ಎರಗಲ್ಲ. ನಿಮ್ಮವಳು ಆರಾಮಾಗಿ ವ್ಯಾಪಾರ ಮಾಡಿಕೊಂಡಿರಬಹುದು.

ಇರುಳುಗಣ್ಣ:
ಇನ್ನೊಂದು ಸೇರಿಸುತ್ತೇನೆ. ಮಲಗಿ ಎದ್ದಾಗ ಮಾತ್ರ ಸೇವ್ ಮಾಡಿ, ಆಟೋಸೇವ್ ಆಫ್ ಇರಲಿ. ಮಾತು ತಪ್ಪಾಯಿತು, ಕಳ್ಳತನದಲ್ಲಿ ಸಿಕ್ಕಿಬಿದ್ದೆ ಅಂತ ಹಿಂದಕ್ಕೆ ಲೋಡ್ ಮಾಡಬೇಡಿ. ದಂಡ ಕಟ್ಟಿ, ಇಲ್ಲಾಂದ್ರೆ ಜೈಲಿಗೆ ಹೋಗಿ.