ಹೆಣ್ಣು ನೋಡಲು ಕರೆಯುತ್ತಿದ್ದಾರೆ, ನಾನು ಗೇ ಅಂತ ಹೇಗೆ ಹೇಳಲಿ?

ದಾವಣಗೆರೆ_ಹುಡುಗ:
ಕೆಲಸ ಬೆಂಗಳೂರಲ್ಲಿ. ಅಕ್ಕನಿಗೆ ಮಾತ್ರ ಗೊತ್ತು. ಅಮ್ಮ ನನ್ನ ಜಾತಕ ಕೊಟ್ಟಾಗಿದೆ, ಭಾನುವಾರ ಹರಿಹರಕ್ಕೆ ಹೆಣ್ಣು ನೋಡಲು ಹೋಗಬೇಕಂತೆ. ಸುಮ್ನೆ ಹೋಗಿ 'ಇಷ್ಟ ಆಗಲಿಲ್ಲ' ಅಂದರೆ ಆ ಹುಡುಗಿಗೆ ಅವಮಾನ ಅಲ್ವಾ? ನಿಜ ಹೇಳಿದರೆ ಅಪ್ಪ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆ ಅನ್ನೋ ಭಯ.

ಮಲ್ನಾಡ್_ಕಾಫಿ:
ಮೊದಲು ಭಾನುವಾರದ್ದು ನಿಲ್ಲಿಸಿ. 'ಈಗ ಮದುವೆ ಬೇಡ' ಅಂದರೆ ಸಾಕು. ಅಕ್ಕ ಜೊತೆಗಿರುವಾಗ ಅಮ್ಮನಿಗೆ ಹೇಳಿ, ನೆಂಟರು ತುಂಬಿದ ಹಬ್ಬದ ದಿನ ಮಾತ್ರ ಬೇಡ. ಗೇ ಆಗಿರುವುದನ್ನು 'ಸರಿಮಾಡುವ' ಚಿಕಿತ್ಸೆ ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅಪ್ಪನಿಗೆ ಅದನ್ನೇ ತೋರಿಸಿ.

ಗಿರಿನಗರ_ಅಣ್ಣ:
2018ರಲ್ಲಿ ಸುಪ್ರೀಂ ಕೋರ್ಟ್ ಇದು ಅಪರಾಧ ಅಲ್ಲ ಅಂದಿತು, 2023ರಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ನನ್ನಮ್ಮ ಇದ್ಯಾವುದನ್ನೂ ಕೇಳಲಿಲ್ಲ. 'ವಯಸ್ಸಾದಾಗ ನಿನ್ನನ್ನು ಯಾರಪ್ಪ ನೋಡ್ಕೋತಾರೆ?' ಅಂದರು. ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ನಾನು ಸಂಗಾತಿ ಜೊತೆಗಿನ ಜಂಟಿ ಖಾತೆಯ ಪಾಸ್‌ಬುಕ್ ತೋರಿಸಿದೆ. ಇದಕ್ಕೆ ಅಡ್ಡಿಯಿಲ್ಲ ಅಂತ 2024ರಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟಪಡಿಸಿದೆ. ಅಮ್ಮ ಈಗ ಇಬ್ಬರಿಗೂ ಚಟ್ನಿಪುಡಿ ಕಳಿಸುತ್ತಾರೆ. ಅಪ್ಪ ಇನ್ನೂ ಮಾತಾಡಲ್ಲ, ಸುಳ್ಳು ಹೇಳಲಾರೆ.

ದಾವಣಗೆರೆ_ಹುಡುಗ:
ಥ್ಯಾಂಕ್ಸ್ ಅಣ್ಣ. ಹರಿಹರಕ್ಕೆ ಬರಲ್ಲ ಅಂತ ಅಮ್ಮನಿಗೆ ಹೇಳಿಬಿಟ್ಟೆ. ಶುಕ್ರವಾರ ಅಕ್ಕ ಊರಿಗೆ ಬರುತ್ತಿದ್ದಾಳೆ.